ನಿಂತೇ ಇರುವ ಸೇನಾ ವಾಹನದ ನಿರ್ವಹಣೆ: ನಾವು ಪಾಲಿಸುವ ಕ್ರಮ

ಮೀಸಲಿನಲ್ಲಿಟ್ಟ ವಾಹನ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಾಗಾಗಿ ನಮ್ಮ ಸರ್ವಿಸ್ ಪಟ್ಟಿಯಲ್ಲಿ ಕಿಲೋಮೀಟರ್, ಎಂಜಿನ್ ಗಂಟೆಗಳ ಜೊತೆಗೆ ತಿಂಗಳ ಲೆಕ್ಕವೂ ಇರುತ್ತದೆ. ಮೂರರಲ್ಲಿ ಯಾವುದು ಮೊದಲು ತುಂಬುತ್ತದೋ ಅದೇ ಗಡುವು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಅಭ್ಯಾಸವೆಂದರೆ ಆಗಾಗ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ತಣ್ಣಗಿರುವ ಸಿಲಿಂಡರ್ ಗೋಡೆಗೆ, ಸೈಲೆನ್ಸರ್‌ಗೆ ಅಂಟಿ, ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಸ್ಟಾರ್ಟರ್ ಎಳೆದ ಕರೆಂಟ್ ಅಷ್ಟರಲ್ಲಿ ಬ್ಯಾಟರಿಗೆ ವಾಪಸಾಗುವುದೂ ಇಲ್ಲ. ಸ್ಟಾರ್ಟ್ ಮಾಡಿದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆಯುವ ಕೂಲಿಂಗ್ ನೀರಿನ ಕವಾಟ) ತೆರೆದು ಆಯಿಲ್ ಬಿಸಿಯಾಗುವವರೆಗೆ ಓಡಿಸಬೇಕು, ಎಲ್ಲ ಗೇರ್ ಹಾಕಬೇಕು, ಬ್ರೇಕ್ ಹಿಡಿಯಬೇಕು. ಅಷ್ಟು ಹೊತ್ತಿಲ್ಲದಿದ್ದರೆ ಮುಟ್ಟದಿರುವುದೇ ವಾಸಿ.

24 ವೋಲ್ಟ್ ವ್ಯವಸ್ಥೆಯಲ್ಲಿ ಜೋಡಿಸಿರುವ ಎರಡು 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಗಳನ್ನು ಒಂದೊಂದಾಗಿ ಅಳೆಯುತ್ತೇವೆ. ಒಟ್ಟು ನೋಡಿದರೆ ಸೋತದ್ದು ಯಾವುದೆಂದು ಗೊತ್ತಾಗದು. ಕೆಲವು ಗಂಟೆ ಲೋಡ್ ಇಲ್ಲದೆ ಬಿಟ್ಟು ನೋಡಿದಾಗ ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.4ಕ್ಕಿಂತ ಇಳಿದರೆ ತಕ್ಷಣ ಚಾರ್ಜಿಗೆ ಹಾಕುತ್ತೇವೆ, ಇಲ್ಲವಾದರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

ರಬ್ಬರ್ ಭಾಗಗಳ ವಯಸ್ಸನ್ನು ಸ್ಟೋರಿಗೆ ಬಂದ ದಿನದಿಂದಲ್ಲ, ಪ್ಯಾಕೆಟ್ ಮೇಲಿನ ಕ್ಯೂರ್ ಡೇಟ್‌ನಿಂದ (ಕಾರ್ಖಾನೆಯಲ್ಲಿ ರಬ್ಬರನ್ನು ಬಿಸಿಮಾಡಿ ಹದಗೊಳಿಸಿದ ದಿನ) ಎಣಿಸಬೇಕು. ವಿದ್ಯುತ್ ಮೋಟರ್, ವೆಲ್ಡಿಂಗ್ ಯಂತ್ರಗಳ ಹತ್ತಿರ ಇಡಬಾರದು. ಅವುಗಳಿಂದ ಬರುವ ಓಜೋನ್ ರಬ್ಬರನ್ನು ಸೀಳಿಸುತ್ತದೆ. ಟೈರಿನ ಬದಿಯಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿ 3518 ಎಂದಿದ್ದರೆ ಅದು 2018ರ 35ನೇ ವಾರದಲ್ಲಿ ತಯಾರಾದದ್ದು.

ಶೆಡ್‌ನ ಸಾಪೇಕ್ಷ ಆರ್ದ್ರತೆ 40ರಿಂದ 50 ಶೇಕಡದ ಒಳಗಿರಲಿ. ಮುಚ್ಚಿದ ಪೆಟ್ಟಿಗೆಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇವೆ. ನೀಲಿ ಬಗೆಯದು ಗುಲಾಬಿಗೆ ತಿರುಗಿದರೆ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಬಿಡಿಭಾಗ ಸಿಗದೆ ಒಂದು ವಾಹನದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಕಡೆಯ ದಾರಿ. ಬಿಚ್ಚುವುದು, ಕೂರಿಸುವುದು ಎರಡು ಕಡೆಯೂ ಮಾಡಬೇಕಾದ ಕೆಲಸ. ಬೋಲ್ಟ್, ಸೀಲ್ ಹಾಳಾಗುವ ಸಂಭವವೂ ಎರಡು ಕಡೆ. ಅನಿವಾರ್ಯವಾದರೆ ಪೈಪ್ ಬಾಯಿಗೆ ಆಗಲೇ ಮುಚ್ಚಳ ಹಾಕಿ, ಭಾಗದ ಸೀರಿಯಲ್ ನಂಬರ್ ಮತ್ತು ಅದು ಓಡಿದ ಗಂಟೆಗಳನ್ನು ಎರಡೂ ಲಾಗ್‌ಬುಕ್‌ಗಳಲ್ಲಿ ಬರೆಯುತ್ತೇವೆ. ಇದನ್ನು ಬಿಟ್ಟರೆ ಹಳೆಯ ಗೇರ್‌ಬಾಕ್ಸ್ ಹೊಸ ವಾಹನದ ಲೆಕ್ಕದಲ್ಲಿ ಓಡುತ್ತಿರುತ್ತದೆ, ಓವರ್‌ಹಾಲ್ (ಪೂರ್ತಿ ಬಿಚ್ಚಿ ದುರಸ್ತಿ ಮಾಡುವ) ಗಡುವು ಯಾರಿಗೂ ತಿಳಿಯದೆ ದಾಟುತ್ತದೆ.

ಗುಜರಿಗೆ ಕಳಿಸುವ ಮುನ್ನ ಎಣ್ಣೆ, ಬ್ಯಾಟರಿ, ಅಗ್ನಿಶಾಮಕ ಸಿಲಿಂಡರ್, ರೇಡಿಯೋ ತೆಗೆಯುತ್ತೇವೆ. ಹಳೆಯ ಡಯಲ್‌ಗಳಲ್ಲಿ ರೇಡಿಯಂ ಬಣ್ಣ, ಕೆಲವು ಗುರಿದರ್ಶಕಗಳಲ್ಲಿ ಟ್ರಿಟಿಯಂ ಇರುವುದುಂಟು. ಅವನ್ನು ಒಡೆಯದೆ, ವಿಕಿರಣ ವಸ್ತು ನಿಭಾಯಿಸಲು ಪರವಾನಗಿ ಇರುವವರಿಗೇ ಒಪ್ಪಿಸಬೇಕು.