ನಾಡಿ 46ಕ್ಕೆ ಇಳಿದಾಗ

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಬರುವಷ್ಟರಲ್ಲಿ ನಾನು ಮೂರು ಕಡೆ ಕುಳಿತಿದ್ದೆ. ಹತ್ತು ವರ್ಷದಿಂದ ನಡೆಯುತ್ತಿರುವ ದಾರಿ ಅದು. ಹೆಜ್ಜಾರ್ಲೆಗಳನ್ನು ನೋಡಲು ಅಲ್ಲಿ ನಿಂತದ್ದುಂಟು, ದಣಿದು ಕುಳಿತದ್ದಿಲ್ಲ. ಕಳೆದ ವರ್ಷ ಮಾಗಿಯ ಚಳಿಯಲ್ಲಿ ಕಾಲು ಸೋಲತೊಡಗಿತು, ಬಗ್ಗಿ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ವಯಸ್ಸು 63 ಆಯಿತಲ್ಲ ಎಂದು ಸುಮ್ಮನಿದ್ದೆ.

ಆ ದಿನ ಮನೆಗೆ ಬಂದವಳೇ ಕೊರೊನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡೆ. ಆಮ್ಲಜನಕ 98, ನಾಡಿ 46. ಯಂತ್ರ ಕೆಟ್ಟಿರಬೇಕೆಂದು ನಮ್ಮ ಯಜಮಾನರ ಬೆರಳಿಗೆ ಹಾಕಿದೆ. 78 ತೋರಿಸಿತು. 2021ರ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಜ್ವರ ಬಂದಿದ್ದ ಆ ವಾರ ಬಿಟ್ಟರೆ ನನ್ನ ನಾಡಿ 72, 74, 71 ಎಂದೇ ಇತ್ತು.

ವಿಶ್ರಾಂತಿಯಲ್ಲಿರುವ ದೊಡ್ಡವರ ಎದೆಬಡಿತ ನಿಮಿಷಕ್ಕೆ 60ರಿಂದ 100ರವರೆಗೆ ಇದ್ದರೆ ಸಹಜ. ಅರವತ್ತಕ್ಕಿಂತ ಕಡಿಮೆ ಇದ್ದರೆಲ್ಲ ಕಾಯಿಲೆಯಲ್ಲ. ದಿನವೂ ಓಡುವ ನನ್ನ ಅಕ್ಕನ ಮಗನದು 48. ಅವನ ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಅವನಿಗೆ ಅಷ್ಟು ಸಾಕು. ನಿದ್ದೆಯಲ್ಲಂತೂ ಎಲ್ಲರ ಬಡಿತವೂ ಇಳಿಯುತ್ತದೆ. ನನ್ನ ಚಿಂತೆ ಬೇರೆ. ಮೊದಲು 72 ಇದ್ದದ್ದು 46ಕ್ಕೆ ಇಳಿದಿತ್ತು, ಜೊತೆಗೆ ಸುಸ್ತೂ ತಲೆಸುತ್ತೂ ಇದ್ದವು.

ಆಸ್ಪತ್ರೆಗೆ ಹೋಗುವ ಮೊದಲು ಮೂರು ವಾರ ನಾನೇ ಏನೇನೋ ಮಾಡಿದೆ, ಅದನ್ನೂ ಹೇಳುತ್ತೇನೆ. ಗಟ್ಟಿ ಡಿಕಾಕ್ಷನ್ನಿನ ಕಾಫಿ ದಿನಕ್ಕೆ ಎರಡು ಲೋಟ ಹೆಚ್ಚು ಕುಡಿದೆ. ನಿದ್ದೆ ಕೆಟ್ಟಿತು, ಬೆಳಗಿನ ನಾಡಿ ಅಲುಗಲಿಲ್ಲ. ಇನ್ನೂ ಹೆಚ್ಚು ನಡೆಯಿರಿ ಎಂದು ವಾಕಿಂಗ್ ಗೆಳತಿಯರು ಹೇಳಿದರು. ವ್ಯಾಯಾಮ ಮಾಡುವಷ್ಟು ಹೊತ್ತು ಬಡಿತ ಏರುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಮಾಡಿದರೆ ವಿಶ್ರಾಂತಿಯ ಬಡಿತ ಇಳಿಯುತ್ತದೆ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಅದು ಆಗ ಹೊಳೆಯಲಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋಗಿ ನಂದಿಯ ಬಳಿಗೂ ತಲುಪದೆ ಇಳಿದು ಬಂದೆ. ಏದುಸಿರು ಬರುತ್ತಿದ್ದರೂ ನಾಡಿ 70 ದಾಟಿರಲಿಲ್ಲ. ಅಷ್ಟು ಶ್ರಮಪಟ್ಟರೂ ಎದೆ ಹೊಡೆದುಕೊಳ್ಳುತ್ತಿಲ್ಲವೆಂದರೆ ಏನೋ ಅದನ್ನು ಹಿಡಿದು ನಿಲ್ಲಿಸುತ್ತಿದೆ ಎಂದು ನನಗೆ ಅಲ್ಲಿಯೇ ಅನ್ನಿಸಿತು.

ಆ ಮೂರು ವಾರದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ದಿನವೂ ನಾಡಿ ಎಣಿಸಿ ಬರೆದದ್ದು. ಬೆಳಿಗ್ಗೆ ಎಚ್ಚರವಾದ ಮೇಲೆ, ಏಳುವ ಮೊದಲು, ಕಾಫಿಗೂ ಮೊದಲು. ತೋರುಬೆರಳು, ನಡುಬೆರಳು ಎರಡನ್ನೂ ಇನ್ನೊಂದು ಕೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ತಗ್ಗಿನಲ್ಲಿ ಹಗುರವಾಗಿ ಇಡಬೇಕು. ಹೆಬ್ಬೆರಳಿನಿಂದ ಹಿಡಿಯಬಾರದು, ಅದಕ್ಕೆ ತನ್ನದೇ ಮಿಡಿತವಿದೆ. ಗಡಿಯಾರ ನೋಡುತ್ತ ಪೂರ್ತಿ 60 ಸೆಕೆಂಡು ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ಬೆರಳಿಗೆ ಹಾಕುವ ಯಂತ್ರವನ್ನೇ ನಂಬಿ ಕೂರುವುದೂ ಸರಿಯಲ್ಲ. ನಡುವೆ ಅವಸರದ ಬಡಿತಗಳು ಬಂದರೆ ಅವು ಕೆಲವೊಮ್ಮೆ ಬೆರಳ ತುದಿಗೆ ಮುಟ್ಟುವುದೇ ಇಲ್ಲ, ಯಂತ್ರ ಕಡಿಮೆ ಎಣಿಸುತ್ತದೆ. ನನ್ನದು ಕೈಯಲ್ಲಿ ಎಣಿಸಿದರೂ 45, 46, 44.

ಹೃದಯದ ವೈದ್ಯರು ಇಸಿಜಿ, ಎಕೋ ಮಾಡಿಸಿದರು. ಥೈರಾಯ್ಡ್ ಕುಗ್ಗಿದರೂ ಬಡಿತ ಇಳಿಯುತ್ತದೆಂದು ಅದರ ರಕ್ತಪರೀಕ್ಷೆ ಟಿಎಸ್‌ಎಚ್ ಮಾಡಿಸಿದರು, ಜೊತೆಗೆ ಪೊಟ್ಯಾಸಿಯಂ ನೋಡಿದರು. ಒಂದು ದಿನ ಪೂರ್ತಿ ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರವನ್ನು ಎದೆಗೆ ಕಟ್ಟಿ ಕಳಿಸಿದರು. ಲಯ ಸರಿಯಾಗಿತ್ತು, ನಡುವೆ ನಿಂತು ಹೋಗುತ್ತಿರಲಿಲ್ಲ, ನಿಧಾನವಾಗಿತ್ತು ಅಷ್ಟೇ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಎರಡು ಸಲ ಕೇಳಿದರು. ವಿಟಮಿನ್ ಡಿ ಬಿಟ್ಟರೆ ಏನೂ ಇಲ್ಲ ಎಂದೆ.

“ಹನಿ, ಮುಲಾಮು, ಇನ್‌ಹೇಲರ್, ಮನೆಮದ್ದು, ಏನಿದ್ದರೂ ಹೇಳಿ ಅಮ್ಮ.”

“ಕಣ್ಣಿಗೆ ಒಂದು ಡ್ರಾಪ್ಸ್ ಹಾಕುತ್ತೇನೆ ಡಾಕ್ಟರೇ, ಗ್ಲಾಕೋಮಾಕ್ಕೆ.”

ಅವರು ಪೆನ್ನು ಕೆಳಗಿಟ್ಟರು. ಸೀಸೆ ಎಲ್ಲಿದೆ ಎಂದರು. ಕೈಚೀಲದಲ್ಲೇ ಇತ್ತು. ತಿರುಗಿಸಿ ಓದಿ, ನನಗೂ ತೋರಿಸಿದರು: ಟಿಮೊಲಾಲ್.

ಗ್ಲಾಕೋಮಾ ಎಂದರೆ ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ ಕಣ್ಣಿನ ನರ ಕೆಡುವ ಕಾಯಿಲೆ. ಅದಕ್ಕೆ ಎಂಟು ತಿಂಗಳಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ಹನಿ ಹಾಕುತ್ತಿದ್ದೆ. ಹಾಕಿದ ಒಂದೆರಡು ನಿಮಿಷಕ್ಕೆ ಗಂಟಲಲ್ಲಿ ಸಣ್ಣಗೆ ಕಹಿ ಬರುತ್ತಿತ್ತು. ಕಣ್ಣಿಗೆ ಹಾಕಿದ್ದು ಬಾಯಿಗೆ ಹೇಗೆ ಬಂತೆಂದು ಒಂದು ದಿನವೂ ಯೋಚಿಸಲಿಲ್ಲ. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಕಣ್ಣೀರಿನ ನಾಳ ಇದೆ. ಅತ್ತರೆ ಮೂಗು ಸೋರುವುದು ಅದರಿಂದಲೇ. ಕಣ್ಣು ಹಿಡಿಸಿಕೊಳ್ಳಲಾಗದ ಔಷಧ ಆ ದಾರಿಯಲ್ಲಿ ಮೂಗಿನ ಒಳಪದರಕ್ಕೆ ಇಳಿದು ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯ ಹಾಗೆ ಮೊದಲು ಪಿತ್ತಜನಕಾಂಗವನ್ನು ದಾಟಬೇಕಾಗಿಲ್ಲ. ಟಿಮೊಲಾಲ್ ಬೀಟಾ ಬ್ಲಾಕರ್ ಗುಂಪಿನ ಔಷಧ. ಬಿಪಿಗೆ, ಎದೆಬಡಿತ ತಗ್ಗಿಸುವುದಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ಗಳ ಬಳಗದ್ದು. ಕಣ್ಣಿನೊಳಗಿನ ಒತ್ತಡವನ್ನು ಚೆನ್ನಾಗಿ ಇಳಿಸುತ್ತದೆ, ಕೆಲವರಲ್ಲಿ ಎದೆಯನ್ನೂ ನಿಧಾನ ಮಾಡುತ್ತದೆ, ಉಬ್ಬಸ ಇರುವವರಿಗೆ ಉಸಿರು ಕಟ್ಟಿಸಬಹುದು. ಹನಿ ಬರೆದುಕೊಟ್ಟ ಕಡೆ ಉಬ್ಬಸ ಇದೆಯೇ ಎಂದು ಕೇಳಿದ್ದರು, ನಾಡಿಯನ್ನು ಯಾರೂ ಹಿಡಿದು ನೋಡಿರಲಿಲ್ಲ. ಆ ವಿಷಯದಲ್ಲಿ ನನಗೆ ಇಂದಿಗೂ ಬೇಸರವಿದೆ.

ಇವತ್ತೇ ಸೀಸೆ ಎಸೆದುಬಿಡುತ್ತೇನೆ ಎಂದೆ. ವೈದ್ಯರು ಗದರಿದರು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಬದಲಿ ಔಷಧವಿಲ್ಲದೆ ನಿಲ್ಲಿಸಬೇಡಿ ಎಂದು ಕಣ್ಣಿನ ವೈದ್ಯರಿಗೆ ಚೀಟಿ ಬರೆದರು. ಮರುದಿನವೇ ಹೋದೆ. ಅವರು ಲಟನೊಪ್ರೊಸ್ಟ್ ಎಂಬ ಬೇರೆ ಹನಿಗೆ ಬದಲಾಯಿಸಿದರು. ರಾತ್ರಿ ಒಂದೇ ಹನಿ. ಇದು ಬೀಟಾ ಬ್ಲಾಕರ್ ಅಲ್ಲ. ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿ ಇಡಬೇಕು. ರೆಪ್ಪೆಗೂದಲು ಉದ್ದವಾಗಬಹುದು, ಕಣ್ಣು ಸ್ವಲ್ಪ ಕೆಂಪಾಗಬಹುದು ಎಂದೂ ಮೊದಲೇ ಹೇಳಿದರು.

ನೋಟ್‌ಬುಕ್ಕಿನ ಆ ಪುಟ ನನಗೆ ಬಹಳ ಪ್ರಿಯ. ಬದಲಾಯಿಸಿದ ಬೆಳಿಗ್ಗೆ 46. ಮೂರನೆಯ ದಿನ 53. ಐದನೆಯ ದಿನ 58. ಎರಡನೆಯ ವಾರದಲ್ಲಿ 66, 68. ಬಗ್ಗಿ ರಂಗೋಲಿ ಹಾಕಿ ಎದ್ದರೆ ಕಣ್ಣು ಕತ್ತಲೆ ಬರಲಿಲ್ಲ. ಕಣ್ಣಿನ ಒತ್ತಡವನ್ನು ಒಂದು ತಿಂಗಳಿಗೆ ಮತ್ತೆ ಅಳೆದರು, ಅದೂ ಹಿಡಿತದಲ್ಲಿತ್ತು.

ಹನಿ ಹಾಕುವ ಕ್ರಮವನ್ನೂ ಆಗಲೇ ಕಲಿತೆ. ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಆ ಚೀಲದಂಥ ಜಾಗಕ್ಕೆ ಒಂದೇ ಹನಿ. ಕಣ್ಣನ್ನು ಮೆಲ್ಲಗೆ ಮುಚ್ಚಬೇಕು, ಪಿಳಿಪಿಳಿ ಮಾಡಬಾರದು. ತೋರುಬೆರಳಿನಿಂದ ಕಣ್ಣಿನ ಒಳಮೂಲೆಯನ್ನು ಮೂಗಿನ ಎಲುಬಿನ ಕಡೆಗೆ ಒತ್ತಿ ಎರಡು ನಿಮಿಷ ಹಿಡಿದರೆ ಆ ನಾಳ ಮುಚ್ಚುತ್ತದೆ, ಔಷಧ ಕಣ್ಣಿನಲ್ಲೇ ಉಳಿಯುತ್ತದೆ. ಈಗ ಯಾವ ಹನಿ ಹಾಕಿದರೂ ಹೀಗೆಯೇ ಹಾಕುತ್ತೇನೆ. ಗಂಟಲಿಗೆ ಕಹಿ ಬರುವುದಿಲ್ಲ.

ನನ್ನದು ಇಷ್ಟಕ್ಕೇ ಮುಗಿಯಿತು, ಎಲ್ಲರದೂ ಹೀಗಲ್ಲ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಹೃದಯದ ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಕ್ಕೆ ತಲುಪುತ್ತಲೇ ಇರಲಿಲ್ಲ. ದೇವರ ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದರು. ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿದರು, ಈಗ ತರಕಾರಿ ತರಲು ಅವರೇ ಹೋಗುತ್ತಾರೆ. ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಕುಳಿತಲ್ಲೇ ಉಸಿರು ಸಿಕ್ಕಿಕೊಂಡರೆ ನನ್ನಂತೆ ನೋಟ್‌ಬುಕ್ ಹಿಡಿದು ದಿನ ಎಣಿಸಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮೊನ್ನೆ ವಾಕಿಂಗ್ ಗೆಳತಿಯೊಬ್ಬರು ತಮ್ಮ ನಾಡಿ 50 ಎಂದರು, ಏನು ತಿಂದರೆ ಏರುತ್ತದೆ ಎಂದು ಕೇಳಿದರು. ಅವರ ಮನೆಗೆ ಹೋಗಿ ಮದ್ದಿನ ಡಬ್ಬಿ ತೆರೆಸಿದೆ. ಬಿಪಿಗೆಂದು ಒಬ್ಬ ವೈದ್ಯರು ಬರೆದ ಅಟೆನೊಲಾಲ್ ಇತ್ತು. ಎದೆ ಹಾರುತ್ತದೆಂದು ಇನ್ನೊಬ್ಬರು ಬರೆದ ಡಿಲ್ಟಿಯಾಜೆಮ್ ಅದರ ಪಕ್ಕದಲ್ಲೇ ಇತ್ತು. ಎರಡೂ ಬಡಿತ ಇಳಿಸುವಂಥವು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ತಾವಾಗಿ ಯಾವುದನ್ನೂ ನಿಲ್ಲಿಸಬೇಡಿ, ಬೀಟಾ ಬ್ಲಾಕರನ್ನು ತಟ್ಟನೆ ಬಿಟ್ಟರೆ ಎದೆಗೆ ಅಪಾಯ ಎಂದು ಬೇಡಿಕೊಂಡೆ. ಮಾತ್ರೆ, ಹನಿ, ಲೇಹ್ಯ ಎಲ್ಲವನ್ನೂ ಒಂದು ಬಟ್ಟೆಚೀಲಕ್ಕೆ ತುಂಬಿಟ್ಟಿದ್ದೇವೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ವೈದ್ಯರನ್ನು ನೋಡಬೇಕು, ನಾನೂ ಜೊತೆಗೆ ಹೋಗುತ್ತಿದ್ದೇನೆ.