ಇನ್‌ಸ್ಟಾಗ್ರಾಂ ಇಲ್ಲದೆ ಮುಖಪುಟದ ಕೆಲಸ ಹುಡುಕಿಕೊಂಡ ಬಗೆ

ನಾನು ಕನ್ನಡ ಪುಸ್ತಕಗಳಿಗೆ ಮುಖಪುಟ ಮಾಡುತ್ತೇನೆ. ಕಥೆ, ಕವಿತೆಗಳಿಗೆ ರೇಖಾಚಿತ್ರವನ್ನೂ ಬರೆಯುತ್ತೇನೆ. ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಕೆಲಸವೂ ಅಲ್ಲೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ನಾನಿಲ್ಲ. "ಹಾಗಾದ್ರೆ ನಿಮಗೆ ಕೆಲಸ ಹೇಗೆ ಸಿಗುತ್ತೆ ಮೇಡಂ?" ಅಂತ ಚಿತ್ರಕಲೆ ಓದುತ್ತಿರುವ ಮಕ್ಕಳು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಶುರು ಮಾಡಿದ್ದು ಒಂದು ಪಟ್ಟಿಯಿಂದ. ನನಗೆ ಕೆಲಸ ಕೊಡಬಲ್ಲವರು ಯಾರು? ಪ್ರಕಾಶಕರು, ಪತ್ರಿಕೆಗಳ ಪುರವಣಿ ನೋಡಿಕೊಳ್ಳುವವರು, ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವ ಲೇಖಕರು, ನಾಟಕ ತಂಡದವರು. ಎಲ್ಲರನ್ನೂ ಸೇರಿಸಿದರೂ ಒಂದು ನೋಟ್‌ಬುಕ್ಕಿನಲ್ಲಿ ಹಿಡಿಯುತ್ತಾರೆ. ಬಹಳ ಮಂದಿ ಬೆಂಗಳೂರಿನಲ್ಲೇ ಇದ್ದಾರೆ. ಊರಿಗೆಲ್ಲ ಚಿತ್ರ ತೋರಿಸಿ, ಅದು ಇವರ ಕಣ್ಣಿಗೂ ಬೀಳಲಿ ಅಂತ ಕಾಯುವುದಕ್ಕಿಂತ ನೇರವಾಗಿ ಇವರಿಗೇ ತೋರಿಸುವುದು ಸುಲಭ ಅಲ್ವಾ?

ಇವರ ವಿಳಾಸ ಹುಡುಕಲು ಕಷ್ಟಪಡಬೇಕಿಲ್ಲ. ಯಾವುದೇ ಕನ್ನಡ ಪುಸ್ತಕದ ಮೊದಲ ಪುಟಗಳನ್ನು ತಿರುವಿ ನೋಡಿ. ಪ್ರಕಾಶಕರ ಹೆಸರು, ವಿಳಾಸ, ಎಷ್ಟೋ ಸಲ ಫೋನ್ ನಂಬರ್, ಮುದ್ರಿಸಿದ ಪ್ರೆಸ್ಸು, ಬಳಸಿದ ಕಾಗದ, ಮುಖಪುಟ ಮಾಡಿದವರ ಹೆಸರು, ಎಲ್ಲ ಒಂದೇ ಪುಟದಲ್ಲಿರುತ್ತೆ. ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಯಲ್ಲಿ ನಿಂತು ನಾನು ಪುಸ್ತಕಗಳ ಈ ಪುಟವನ್ನೇ ಓದುತ್ತಿದ್ದೆ. ಯಾರು ಕವಿತೆ ಜಾಸ್ತಿ ತರುತ್ತಾರೆ, ಯಾರು ಮಕ್ಕಳ ಪುಸ್ತಕ ಮಾಡುತ್ತಾರೆ, ಯಾರು ಎಲ್ಲ ಮುಖಪುಟವನ್ನೂ ಒಬ್ಬರಿಂದಲೇ ಮಾಡಿಸುತ್ತಾರೆ, ಯಾರು ಬೇರೆ ಬೇರೆಯವರನ್ನು ಕರೆಯುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನನ್ನ ಪಟ್ಟಿಯಲ್ಲಿ ಮೊದಲು ಸೇರಿದ್ದು ಬೇರೆ ಬೇರೆಯವರನ್ನು ಕರೆಯುವವರು.

ಪಟ್ಟಿಯಲ್ಲಿ ಇರುವವರಿಗೆ ವರ್ಷಕ್ಕೆ ಎರಡು ಸಲ ಒಂದು ಕಾರ್ಡ್ ಕಳಿಸುತ್ತೇನೆ. ಆರು ಇಂಚು ಉದ್ದ, ನಾಲ್ಕು ಇಂಚು ಅಗಲ, ದಪ್ಪ ಕಾಗದ. ಮುಂದೆ ಒಂದೇ ಚಿತ್ರ. ಹಿಂದೆ ನನ್ನ ಹೆಸರು, ಫೋನ್ ನಂಬರ್, "ಮುಖಪುಟ, ಒಳಚಿತ್ರ" ಅನ್ನುವ ಎರಡು ಪದ. ಉಳಿದ ಜಾಗದಲ್ಲಿ ಕೈಯಲ್ಲೇ ಎರಡು ಸಾಲು ಬರೆಯುತ್ತೇನೆ. ಅವರು ಈಚೆಗೆ ತಂದ ಪುಸ್ತಕವನ್ನು ನಿಜವಾಗಿ ಓದಿದ್ದರೆ ಮಾತ್ರ ಅದರ ಬಗ್ಗೆ ಬರೆಯುತ್ತೇನೆ. ಇಲ್ಲದಿದ್ದರೆ ಬರೀ ನಮಸ್ಕಾರ. ಕವರಿನಲ್ಲಿ ಹಾಕಿ ಅಂಚೆಗೆ ಹಾಕುವುದರಿಂದ ಮೂಲೆ ಮುದುರುವುದಿಲ್ಲ. ವಾಟ್ಸ್ಯಾಪ್‌ನಲ್ಲಿ ಬಂದ ಚಿತ್ರ ಸಂಜೆಯೊಳಗೆ ಮೇಲೆ ಹೋಗಿಬಿಡುತ್ತದೆ. ಕಾರ್ಡ್ ಮೇಜಿನ ಗಾಜಿನ ಕೆಳಗೆ ಕೂರುತ್ತದೆ. ಪ್ರಕಾಶಕರ ಮೇಜಿನ ಮೇಲೆ ನನ್ನ ಹಳೇ ಕಾರ್ಡನ್ನು ನಾನೇ ಕಂಡಿದ್ದೇನೆ.

ಕಾರ್ಡ್ ಯಾವಾಗ ಹೋಗುತ್ತದೆ ಅನ್ನುವುದು ಬಹಳ ಮುಖ್ಯ. ಒಂದನ್ನು ಶ್ರಾವಣದಲ್ಲಿ ಕಳಿಸುತ್ತೇನೆ. ದೀಪಾವಳಿ ವಿಶೇಷಾಂಕಗಳಿಗೆ ಕಥೆ ಕವಿತೆ ಆರಿಸಿ ಚಿತ್ರ ಬರೆಸುವ ಕಾಲ ಆಗ ಹತ್ತಿರ ಬಂದಿರುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವ ಇರುವುದರಿಂದ ಪ್ರಕಾಶಕರಿಗೂ ಅದೇ ಬಿಡುವಿಲ್ಲದ ಸಮಯ. ಇನ್ನೊಂದನ್ನು ಸಂಕ್ರಾಂತಿ ಕಳೆದ ಮೇಲೆ, ಯುಗಾದಿ ವಿಶೇಷಾಂಕಗಳನ್ನು ನೋಡಿಕೊಂಡು ಕಳಿಸುತ್ತೇನೆ.

ಇನ್ನು ಮುಖಾಮುಖಿ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಎಲ್ಲಾದರೂ ಒಂದು ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ಜೆ.ಸಿ. ರಸ್ತೆಯ ಕನ್ನಡ ಭವನದ ನಯನ ಸಭಾಂಗಣ. ಯಾವುದಕ್ಕೂ ಟಿಕೆಟ್ ಇಲ್ಲ, ಆಹ್ವಾನ ಬೇಕಿಲ್ಲ. ಪತ್ರಿಕೆಯಲ್ಲಿ ಬರುವ ಇಂದಿನ ಕಾರ್ಯಕ್ರಮಗಳ ಕಾಲಂ ನೋಡಿಕೊಂಡು ಹೋದರೆ ಸಾಕು. ಭಾಷಣ ಮುಗಿದ ಮೇಲೆ ಕಾಫಿ ಹಿಡಿದು ನಿಂತಿರುವ ಹೊತ್ತೇ ನಮ್ಮದು. ಅಲ್ಲಿ ಮೊದಲೇ ವಿಸಿಟಿಂಗ್ ಕಾರ್ಡ್ ತೆಗೆಯಬೇಡಿ. ಆ ದಿನ ಆ ಲೇಖಕರದ್ದು.

ಒಂದು ಬಿಡುಗಡೆಯಲ್ಲಿ ಹಿರಿಯ ಪ್ರಕಾಶಕರೊಬ್ಬರು ನನ್ನ ಪಕ್ಕ ನಿಂತು, "ಏನಮ್ಮಾ, ಮುಖಪುಟ ಚೆನ್ನಾಗಿ ಬಂದಿದೆ ಅಲ್ವಾ?" ಅಂದರು.

"ಚಿತ್ರ ತುಂಬಾ ಚೆನ್ನಾಗಿದೆ ಸಾರ್. ಲೇಖಕರ ಹೆಸರು ಮಾತ್ರ ಕಂದು ಬಣ್ಣದಲ್ಲಿ ಕಪ್ಪು ಮರದ ಮೇಲೆ ಬಂದುಬಿಟ್ಟಿದೆ. ಅಂಗಡಿಯಲ್ಲಿ ದೂರದಿಂದ ಕಾಣೋದಿಲ್ಲ."

ಅವರು ಪುಸ್ತಕವನ್ನು ಕೈ ಚಾಚಿ ಹಿಡಿದು, ಕನ್ನಡಕ ಮೇಲೆತ್ತಿ ನೋಡಿದರು. "ಹೌದಲ್ಲ! ನೀವೂ ಮುಖಪುಟ ಮಾಡ್ತೀರೇನಮ್ಮಾ?"

ಮರುದಿನ ಅವರಿಗೆ ಮೂರೇ ಮೂರು ಕೆಲಸ ಕಳಿಸಿದೆ. ಮೂರೂ ಕವನ ಸಂಕಲನದವು, ಯಾಕೆಂದರೆ ಅವರು ಹೆಚ್ಚಾಗಿ ತರುವುದು ಅದನ್ನೇ. ಕೆಲಸ ಬಂತು, ಇವತ್ತಿಗೂ ಬರುತ್ತಿದೆ. ನಾವು ಚಿತ್ರವನ್ನು ಹೇಗೆ ನೋಡುತ್ತೇವೆ ಅನ್ನುವುದು ಎರಡು ಮಾತಿನಲ್ಲಿ ಗೊತ್ತಾಗಿಬಿಡುತ್ತದೆ. ಆದರೆ ಪರಿಚಯ ಮಾಡಿಕೊಳ್ಳುವ ಆಸೆಗೆ ಮೊದಲ ಮುಖಪುಟವನ್ನು ಪುಕ್ಕಟೆ ಮಾಡಿಕೊಡಬೇಡಿ. ಮುಂದಿನದಕ್ಕೂ ಅದೇ ದರ ನಿಂತುಬಿಡುತ್ತದೆ.

ಯಾರೂ ಹೇಳಿಕೊಡದ ಇನ್ನೊಂದು ದಾರಿ ಪ್ರೆಸ್ಸು. ಚಾಮರಾಜಪೇಟೆಯ ಪ್ರೆಸ್ಸುಗಳಲ್ಲಿ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವರ ಹತ್ತಿರ, ಯಾವ ಪುಸ್ತಕದ ಒಳಪುಟ ರೆಡಿಯಾಗಿ ಮುಖಪುಟಕ್ಕೆ ಕಾಯುತ್ತಿದೆ ಅನ್ನುವ ಸುದ್ದಿ ಎಲ್ಲರಿಗಿಂತ ಮೊದಲು ಇರುತ್ತದೆ. ಅವರು ನಮ್ಮ ಹೆಸರು ಹೇಳಬೇಕಾದರೆ ನಮ್ಮ ಫೈಲಿನಿಂದ ಅವರಿಗೆ ತಲೆನೋವು ಆಗಬಾರದು. ಪುಸ್ತಕ ಮಾಮೂಲಿ ಡೆಮಿ 1/8 ಅಳತೆಯದೇ ಅಂತ ಕೇಳಿಕೊಳ್ಳಿ. ಬಣ್ಣ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಇರಲಿ. ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಚಿತ್ರವನ್ನು ಅಷ್ಟು ಹೊರಗೆ ಚಾಚಿ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಆಕಾರಗಳಾಗಿ ಬದಲಿಸಿ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. ಬೆನ್ನಿನ ದಪ್ಪವನ್ನು ಪುಟ ಎಣಿಸಿಯೇ ಹಾಕಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದದಲ್ಲಿ 200 ಪುಟ ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಪ್ರೆಸ್ಸಿನವರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡರೆ ಇನ್ನೂ ಒಳ್ಳೆಯದು. "ಆ ಮೇಡಂ ಫೈಲ್ ಬಂದ್ರೆ ನೇರ ಪ್ಲೇಟಿಗೆ ಹಾಕಬಹುದು" ಅಂತ ಒಬ್ಬ ಪ್ರಿಂಟರು ಹೇಳಿದ ಒಂದು ಮಾತಿನಿಂದ ನನಗೆ ಸಿಕ್ಕಿರುವ ಕೆಲಸ ಬಹಳ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಇಲ್ಲ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೂ ಹೋಗುತ್ತೇನೆ. ಅದು ಒಂದೇ ಭಾನುವಾರ, ಜನಸಾಗರ. ಚಿತ್ರ ಮಾರಾಟವಾದರೆ ಸಂತೋಷ. ಅದಕ್ಕಿಂತ ಬಂದವರ ವಿಳಾಸ ಬರೆಸಿಕೊಳ್ಳಲು ಮೇಜಿನ ಮೇಲೆ ಇಡುವ ನೋಟ್‌ಬುಕ್ಕು ನನಗೆ ಮುಖ್ಯ. "ವರ್ಷಕ್ಕೆರಡು ಕಾರ್ಡ್ ಕಳಿಸಲಾ?" ಅಂತ ಕೇಳಿ, ಹೂಂ ಅಂದವರಿಂದ ಮಾತ್ರ ಹೆಸರು ವಿಳಾಸ ಬರೆಸಿಕೊಳ್ಳುತ್ತೇನೆ.

ವೆಬ್‌ಸೈಟು ಇದೆ, ಒಂದೇ ಪುಟದ್ದು. ಆಯ್ದ ಮುಖಪುಟಗಳು, ಫೋನ್ ನಂಬರ್, ಅಷ್ಟೇ. "ಕನ್ನಡ ಪುಸ್ತಕಗಳ ಮುಖಪುಟ" ಅಂತ ಕನ್ನಡದಲ್ಲೇ ಬರೆದಿದ್ದೇನೆ, ಕನ್ನಡದಲ್ಲಿ ಹುಡುಕುವವರಿಗೆ ಸಿಗಲಿ ಅಂತ.

ಕೊನೆಯದು ಹೆಸರಿನ ವಿಷಯ. ಒಮ್ಮೆ ಒಂದು ಪುಸ್ತಕದಲ್ಲಿ ನನ್ನ ಹೆಸರನ್ನೇ ಬಿಟ್ಟಿದ್ದರು. ಆ ಪುಸ್ತಕ ಚೆನ್ನಾಗಿ ಹೋಯಿತು, ಆದರೆ ಅದನ್ನು ನೋಡಿ ನನಗೆ ಒಂದು ಫೋನೂ ಬರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಮಾರಿದ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ಕಲಾವಿದರಿಗೆ ಇದ್ದೇ ಇರುತ್ತದೆ. ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಮೇಲ್‌ನಲ್ಲಿ ಬರೆದುಬಿಡುತ್ತೇನೆ: ಹೆಸರಿನ ಜೊತೆ ಇಮೇಲ್ ವಿಳಾಸವನ್ನೂ ಹಾಕಿ, ಐದು ಗೌರವ ಪ್ರತಿ ಕೊಡಿ. ಯಾರೂ ಬೇಡ ಅಂದಿಲ್ಲ. ಪ್ರತಿಗಳಲ್ಲಿ ಒಂದು ಪ್ರೆಸ್ಸಿನವರಿಗೆ, ಉಳಿದವು ನನ್ನ ಪಟ್ಟಿಯಲ್ಲಿ ಆ ಥರದ ಪುಸ್ತಕ ತರುವವರಿಗೆ ಹೋಗುತ್ತವೆ. ಅಂದವಾಗಿ ಅಚ್ಚಾದ ಪುಸ್ತಕಗಳಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಬಹುಮಾನ ಇದೆ. ಅದಕ್ಕೆ ಪುಸ್ತಕ ಕರೆದಾಗ ಪ್ರಕಾಶಕರಿಗೆ ಫೋನ್ ಮಾಡಿ, "ಸಾರ್, ನಮ್ಮ ಪುಸ್ತಕ ಕಳಿಸಿದ್ರಾ?" ಅಂತ ಕೇಳುವುದನ್ನು ನಾನು ತಪ್ಪಿಸುವುದಿಲ್ಲ.