ಪ್ಲಗ್-ಇನ್ ಹೈಬ್ರಿಡ್ ಕಾರು: ಕಾಸರಗೋಡಿನಿಂದ ಮಡಿಕೇರಿಗೆ ಹೋಗುವಾಗ ಎಲ್ಲಿ ಯಾವ ಮೋಡ್?

ಪ್ಲಗ್-ಇನ್ ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡೂ ಇರುತ್ತವೆ. ಮನೆಯ ಪ್ಲಗ್ಗಿನಿಂದಲೇ ಬ್ಯಾಟರಿಯನ್ನು ಚಾರ್ಜ್ ಮಾಡಬಹುದು. ಬ್ಯಾಟರಿಯಲ್ಲಿರುವ ವಿದ್ಯುತ್ತನ್ನು ಎಲ್ಲಿ ಬಳಸಬೇಕು, ಎಲ್ಲಿ ಉಳಿಸಬೇಕು ಎಂಬುದನ್ನು ಚಾಲಕನು ಮೋಡ್ ಗುಂಡಿಯ ಮೂಲಕ ನಿರ್ಧರಿಸುತ್ತಾನೆ. ಕಾರು ತಾನಾಗಿ ಆರಿಸಿದ ಮೋಡ್‌ನಲ್ಲೇ ಸದಾ ಓಡಿಸಿದರೆ ತಪ್ಪೇನಿಲ್ಲ. ಆದರೆ ಹೆದ್ದಾರಿ, ಪೇಟೆ, ಘಾಟಿ ಮೂರೂ ಒಂದೇ ಪ್ರಯಾಣದಲ್ಲಿ ಎದುರಾಗುವ ನಮ್ಮ ಕಡೆಯ ರಸ್ತೆಗಳಲ್ಲಿ, ಮುಂದೆ ಬರುವ ಹಾದಿಯನ್ನು ನೋಡಿ ಮೋಡ್ ಬದಲಿಸುವುದೇ ಲಾಭ. ಹೆಸರುಗಳು ಕಂಪನಿಯಿಂದ ಕಂಪನಿಗೆ ಬೇರೆಯಾದರೂ ಕೆಲಸ ಬಹುಮಟ್ಟಿಗೆ ಒಂದೇ.

ಕಾಸರಗೋಡು ಪೇಟೆಯಿಂದ ಚೆರ್ಕಳದವರೆಗಿನ ನಿಧಾನಗತಿಯ ಓಟಕ್ಕೆ ಇ.ವಿ. ಮೋಡ್, ಅಂದರೆ ವಿದ್ಯುತ್ ಮೋಟಾರಿನಿಂದಲೇ ಓಡುವ ಮೋಡ್, ಒಪ್ಪುತ್ತದೆ. ಮೋಟಾರ್ ನಿಂತಲ್ಲಿಂದಲೇ ಪೂರ್ಣ ಎಳೆತ ಕೊಡುವುದರಿಂದ ಪೆಡಲ್ ಮುಟ್ಟಿದೊಡನೆ ಕಾರು ಸದ್ದಿಲ್ಲದೆ ಮುಂದಕ್ಕೆ ಸರಿಯುತ್ತದೆ, ಗೇರ್ ಬದಲಾಗುವ ಜಗ್ಗಾಟವೂ ತೀರಾ ಕಡಿಮೆ. ಪೆಡಲನ್ನು ತಳದವರೆಗೆ ಒತ್ತಿದರೆ ಹಲವು ಕಾರುಗಳಲ್ಲಿ ಎಂಜಿನ್ ಎಚ್ಚರಗೊಳ್ಳುತ್ತದೆ; ಆದ್ದರಿಂದ ಪಾದದ ಹಿಡಿತ ಮುಖ್ಯ. ಸದ್ದಿಲ್ಲದ ಕಾರು ಬರುತ್ತಿರುವುದು ಪಾದಚಾರಿಗಳಿಗೆ ತಿಳಿಯುವುದಿಲ್ಲವೆಂಬುದನ್ನೂ ಸಂತೆ ರಸ್ತೆಗಳಲ್ಲಿ ನೆನಪಿಡಬೇಕು.

ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ತಿರುವುಗಳ ರಸ್ತೆಯಲ್ಲಿ ಹೈಬ್ರಿಡ್ ಮೋಡ್ ಸಾಕು. ಇಲ್ಲಿ ಭಾರ ಕಡಿಮೆಯಿದ್ದಾಗ ಮೋಟಾರ್, ಹೆಚ್ಚಾದಾಗ ಎಂಜಿನ್ ಕೆಲಸ ಮಾಡುತ್ತದೆ. ಎಂಜಿನ್ ಚಾಲೂ ಆಗುವ ಕ್ಷಣದಲ್ಲಿ ಸಣ್ಣ ಕಂಪನವೊಂದು ಅನುಭವಕ್ಕೆ ಬರಬಹುದು. ಸುಳ್ಯದಿಂದಾಚೆ ಘಾಟಿ ಕಾದಿರುವುದರಿಂದ ಸಂಪಾಜೆಯವರೆಗೆ ಚಾರ್ಜನ್ನು ಹಾಗೆಯೇ ಕಾಯ್ದಿಡುವ ಹೋಲ್ಡ್ ಮೋಡ್‌ಗೆ ಬದಲಿಸುವುದು ಒಳ್ಳೆಯದು. ಅದೇ ರೀತಿ ಮಂಗಳೂರಿಗೆ ಹೊರಟವರು ರಾಷ್ಟ್ರೀಯ ಹೆದ್ದಾರಿ 66ರ ವೇಗದ ಓಟದಲ್ಲಿ ಹೋಲ್ಡ್ ಬಳಸಿ, ನಗರದ ದಟ್ಟಣೆಯಲ್ಲಿ ಇ.ವಿ.ಗೆ ಬರಬಹುದು. ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸುವ ಚಾರ್ಜ್ ಮೋಡ್ ಕೆಲವು ಕಾರುಗಳಲ್ಲಿದೆ. ಅದರಲ್ಲಿ ಎಂಜಿನ್ ಸದ್ದೂ ಇಂಧನದ ಖರ್ಚೂ ಏರುತ್ತವೆ, ಪೆಟ್ರೋಲನ್ನು ವಿದ್ಯುತ್ತಾಗಿಸುವಾಗ ಒಂದು ಪಾಲು ನಷ್ಟವೂ ಆಗುತ್ತದೆ. ರಾತ್ರಿಯಿಡೀ ಮನೆಯ ಪ್ಲಗ್ಗಿಗೆ ಸಿಕ್ಕಿಸಲು ಅನುಕೂಲವಿರುವವರಿಗೆ ಅದರ ಅಗತ್ಯ ಬೀಳುವುದು ಅಪರೂಪ.

ಲೆಕ್ಕ ಮುಖ್ಯವಾಗುವುದು ಸಂಪಾಜೆಯಿಂದ ಮೇಲಕ್ಕೆ. ಪ್ರಯಾಣಿಕರೂ ಸೇರಿ 2,000 ಕಿಲೋ ತೂಗುವ ಕಾರನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು, ಚಕ್ರದ ಉಜ್ಜಾಟವನ್ನೂ ಗಾಳಿಯ ತಡೆಯನ್ನೂ ಬದಿಗಿಟ್ಟರೂ, ಸುಮಾರು 5.4 ಯೂನಿಟ್ ಶಕ್ತಿ ಬೇಕು. 10 ಅಥವಾ 12 ಯೂನಿಟ್ಟಿನ ಬ್ಯಾಟರಿಗೆ ಇದು ದೊಡ್ಡ ಹೊರೆ. ಆದ್ದರಿಂದ ಘಾಟಿಯನ್ನು ಇ.ವಿ.ಯಲ್ಲೇ ಹತ್ತುವ ಹಟ ಬೇಡ. ಹೈಬ್ರಿಡ್‌ನಲ್ಲಿ ಎಂಜಿನ್ ಭಾರ ಹೊತ್ತು, ತಿರುವಿನಿಂದ ಹೊರಬರುವಾಗ ಮೋಟಾರ್ ಕೈಜೋಡಿಸಿದರೆ ಓಟ ಹಿತವಾಗಿರುತ್ತದೆ. ಸ್ಪೋರ್ಟ್ ಮೋಡ್‌ನಲ್ಲಿ ಎರಡೂ ಸಜ್ಜಾಗಿ ನಿಂತಿರುತ್ತವೆ, ಪೆಡಲ್ ಚುರುಕಾಗುತ್ತದೆ, ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಬಿಗಿಯಾಗುತ್ತದೆ. ಲಾರಿಯೊಂದನ್ನು ಹಿಂದಿಕ್ಕಲು ಅದು ಉಪಯುಕ್ತವಾದರೂ, ಹಿಂದಿನ ಸೀಟಿನಲ್ಲಿ ಕುಳಿತವರ ಹೊಟ್ಟೆ ತೊಳಸುವುದೂ ಈ ಮೋಡ್‌ನಲ್ಲೇ ಹೆಚ್ಚು.

ಇಳಿಯುವಾಗ ಗೇರ್ ಕಡ್ಡಿಯ ‘ಬಿ’ ಸ್ಥಾನ ಅಥವಾ ರೀಜನರೇಶನ್ (ಕಾರಿನ ಓಟದಿಂದ ವಿದ್ಯುತ್ತನ್ನು ಮರಳಿ ಪಡೆಯುವುದು) ಹೆಚ್ಚಿಸುವ ಮೋಡ್ ಹಾಕಿಕೊಳ್ಳಬೇಕು. ಪೆಡಲಿನಿಂದ ಕಾಲು ತೆಗೆದೊಡನೆ ಮೋಟಾರ್ ಜನರೇಟರಿನಂತೆ ತಿರುಗಿ ಕಾರನ್ನು ಹಿಡಿದು ನಿಲ್ಲಿಸಿದಂತಾಗುತ್ತದೆ. ಬ್ರೇಕ್ ಪ್ಯಾಡುಗಳು ಕಾಯುವುದು ತಪ್ಪುತ್ತದೆ, ಏರುವಾಗ ವ್ಯಯವಾದ ಶಕ್ತಿಯಲ್ಲಿ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಈ ಹಿಡಿತ ತಗ್ಗುತ್ತದೆ, ಕಾರು ಅಪೇಕ್ಷೆಗಿಂತ ವೇಗವಾಗಿ ಜಾರಿದಂತೆ ಅನಿಸುತ್ತದೆ. ಹಾಗಾಗಿ ಮಡಿಕೇರಿಯ ವಸತಿಗೃಹದಲ್ಲಿ ಚಾರ್ಜ್ ಮಾಡುವವರು ಪೂರ್ತಿ ತುಂಬಿಸದೆ, ಇಳಿಜಾರಿಗಾಗಿ ಸ್ವಲ್ಪ ಜಾಗ ಬಿಟ್ಟೇ ಹೊರಡಬೇಕು.

ಮಳೆಗಾಲದಲ್ಲಿ, ಮುಖ್ಯವಾಗಿ ತೋಟದ ಮನೆಗೆ ತಿರುಗುವ ಮಣ್ಣಿನ ಏರಿನಲ್ಲಿ, ಮೋಟಾರಿನ ದಿಢೀರ್ ಎಳೆತಕ್ಕೆ ಚಕ್ರ ಸುಮ್ಮನೆ ಸುತ್ತಬಹುದು. ಆಗ ಪೆಡಲನ್ನು ಮೃದುಗೊಳಿಸುವ ಇಕೋ ಅಥವಾ, ಇದ್ದರೆ, ಜಾರುವ ರಸ್ತೆಯ ಮೋಡ್ ಆರಿಸಿಕೊಳ್ಳಬೇಕು. ಇಂಧನ ಉಳಿಯುತ್ತದೆಂದು ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆಯ ಅಭ್ಯಾಸವಿದ್ದವರು ಈ ಕಾರಿನಲ್ಲಿ ಅದನ್ನು ಬಿಡಲೇಬೇಕು: ನ್ಯೂಟ್ರಲ್‌ನಲ್ಲಿ ಮೋಟಾರಿನ ಹಿಡಿತವೂ ಇರುವುದಿಲ್ಲ, ಬ್ಯಾಟರಿಗೆ ಮರಳುವ ವಿದ್ಯುತ್ತೂ ಇರುವುದಿಲ್ಲ.